ಪಿನ್ ಒತ್ತಿದ್ದು ನಾವೇ, ಆದರೂ ಇದು ಸೈಬರ್ ಕ್ರೈಮಾ?

ಪ್ರಶ್ನೆ: ವಕೀಲರೇ, ಥಾಣೆಯಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ನಿನ್ನೆ ಸಂಜೆ ಒಬ್ಬ ಫೋನ್ ಮಾಡಿ, ತಾನು ಮಿಲಿಟರಿಯವನು, ಕ್ಯಾಂಪಿಗೆ 60 ಪ್ಲೇಟ್ ಇಡ್ಲಿ-ವಡೆ ಬೇಕು ಅಂದ. ಅಡ್ವಾನ್ಸ್ ಕಳಿಸುತ್ತೇನೆ ಅಂತ ಕ್ಯೂಆರ್ ಕೋಡ್ ವಾಟ್ಸಾಪ್ ಮಾಡಿದ. ಮೊದಲು 5 ರೂಪಾಯಿ ಹಾಕಿಸಿಕೊಂಡು 10 ವಾಪಸ್ ಕಳಿಸಿದ. ಎರಡನೇ ಸಲ ಗಲ್ಲಾದಲ್ಲಿದ್ದ ತಮ್ಮ ಸ್ಕ್ಯಾನ್ ಮಾಡಿ ಪಿನ್ ಒತ್ತಿದ, 18,000 ಹೋಯ್ತು. ಯಾರೂ ಹ್ಯಾಕ್ ಮಾಡಿಲ್ಲ, ಒತ್ತಿದ್ದು ನಾವೇ ಅಲ್ವಾ? ಸ್ಟೇಷನ್ನಿನಲ್ಲಿ ಬೇರೆ ‘ಸೈಬರ್ ಸೆಲ್‌ಗೆ ಹೋಗಿ’ ಅಂತ ಕಳಿಸಿಬಿಟ್ಟರು.

ಉತ್ತರ: ಶೆಟ್ರೇ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಉಳಿದದ್ದು ಆಮೇಲೆ ಓದಿ. ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ), ಮೊತ್ತ, ದುಡ್ಡು ಹೋದ ಹೊತ್ತು ಕೇಳುತ್ತಾರೆ. ಕದ್ದ ದುಡ್ಡು ಒಂದೇ ಖಾತೆಯಲ್ಲಿ ಕೂರುವುದಿಲ್ಲ. ನಾಲ್ಕಾರು ಖಾತೆ ದಾಟಿ ಎಟಿಎಂನಿಂದ ನೋಟಾಗಿ ಹೊರಬರುತ್ತದೆ. ಅಷ್ಟರೊಳಗೆ ತಡೆದರೆ ಮಾತ್ರ ಏನಾದರೂ ಉಳಿಯುತ್ತದೆ.

ಇದು ಸೈಬರ್ ಕ್ರೈಮೇ. ಹ್ಯಾಕ್ ಮಾಡಿದರಷ್ಟೇ ಅನ್ನೋದು ಸುಮ್ನೆ ಬೆಳೆದ ನಂಬಿಕೆ. ನನ್ನ ಹತ್ತಿರ ಬರುವ ಕೇಸುಗಳಲ್ಲಿ ಬೀಗ ಒಡೆದವರು ಕಮ್ಮಿ, ಮಾತಲ್ಲೇ ಕೀಲಿ ಇಸಿದುಕೊಂಡವರೇ ಜಾಸ್ತಿ. 2000ದ ಐಟಿ ಕಾಯ್ದೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 66ಡಿ ಕಲಂ ಇರುವುದೇ ಇದಕ್ಕೆ. ಫೋನ್, ಕಂಪ್ಯೂಟರ್ ಬಳಸಿ, ಇನ್ನೊಬ್ಬರ ಸೋಗು ಹಾಕಿ ಮೋಸ ಮಾಡಿದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ವಿಡಿಯೊ ಕಾಲಿನಲ್ಲಿ ಪೊಲೀಸ್ ಡ್ರೆಸ್ ಹಾಕಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವವನೂ ಇದೇ ಕಲಮಿನಡಿ ಬರುತ್ತಾನೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಬೇರೆಯವರ ಪಾಸ್‌ವರ್ಡ್ ಕದ್ದು ಬಳಸಿದರೆ 66ಸಿ, ಕದ್ದು ಖಾಸಗಿ ಫೋಟೊ ತೆಗೆದು ಹಂಚಿದರೆ 66ಇ.

ಸ್ಟೇಷನ್ನಿನವರು ವಾಪಸ್ ಕಳಿಸುವ ಹಾಗಿಲ್ಲ. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಇಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಬರೆದುಕೊಂಡು ಹೋಗಿ, ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ವಾಟ್ಸಾಪ್ ಚಾಟ್ ಡಿಲೀಟ್ ಮಾಡಬೇಡಿ, ಸಾಕ್ಷಿ ಅದೇ. ತಮ್ಮನಿಗೂ ಹೇಳಿ: ದುಡ್ಡು ಬರಲು ಪಿನ್ ಬೇಕಾಗಿಲ್ಲ.

ಪ್ರಶ್ನೆ (ಡೊಂಬಿವಲಿಯಿಂದ): ಸರ್, ನನ್ನ ತಂಗಿ ಮಗನಿಗೆ ಅವನ ಗೆಳೆಯ ‘ನಿನ್ನ ಅಕೌಂಟ್ ಸ್ವಲ್ಪ ದಿನ ಕೊಡು, ಬಂದದ್ದರಲ್ಲಿ ಕಮಿಷನ್ ಕೊಡ್ತೀನಿ’ ಅಂತಿದ್ದಾನೆ. ಕೊಡಬಹುದಾ?

ಉತ್ತರ: ಬೇಡವೇ ಬೇಡ ಅಕ್ಕ. ಶೆಟ್ರ ದುಡ್ಡು ಹೋಗಿದ್ದೂ ಇಂಥ ಯಾವುದೋ ಹುಡುಗನ ಖಾತೆಗೇ ಇರಬಹುದು. ಪೊಲೀಸರು ಮೊದಲು ಹುಡುಕುವುದು ಪಾಸ್‌ಬುಕ್ಕಿನಲ್ಲಿ ಹೆಸರಿರುವವನನ್ನು. ಎಟಿಎಂ ಕಾರ್ಡ್, ಸಿಮ್ ಆಗಲೇ ಕೊಟ್ಟಿದ್ದರೆ ಇವತ್ತೇ ಬ್ಲಾಕ್ ಮಾಡಿಸಲಿ. ಏನಾದರೂ ದುಡ್ಡು ಬಂದು ಹೋಗಿದ್ದರೆ ಅದನ್ನು ಮುಚ್ಚಿಡದೆ ನನಗೆ ಫೋನ್ ಮಾಡಲು ಹೇಳಿ.