‘ಜಿಪ್ಸಿ’ಗೆ ಬದಲು ಏನೆಂದು ಬರೆಯುವುದು: ರೋಮ, ರೋಮಾ, ರೊಮಾ?

ಬಸವನಗುಡಿಯ ನಾವು ಕೆಲವರು ಪ್ರೌಢಶಾಲೆಯ ಮಕ್ಕಳಿಗಾಗಿ ಲೋಕದ ಜನಾಂಗಗಳ ವಲಸೆಯನ್ನು ಕುರಿತ ಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತವನ್ನು ಬಿಟ್ಟು ಪರ್ಷಿಯಾ, ಅರ್ಮೇನಿಯಾ, ಬೈಜಾಂಟಿಯಂಗಳ ಮೂಲಕ ಯೂರೋಪನ್ನು ಸೇರಿದ ಜನರನ್ನು ಅದರಲ್ಲಿ ಏನೆಂದು ಕರೆಯಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ‘ಜಿಪ್ಸಿ’ಯನ್ನು ಕೈಬಿಡಲು ಎಲ್ಲರೂ ಒಪ್ಪಿದ್ದಾರೆ: ಅವರು ಈಜಿಪ್ಟಿನವರೆಂಬ ತಪ್ಪು ಎಣಿಕೆಯಿಂದ ಹುಟ್ಟಿದ ಆ ಹೆಸರನ್ನು ಅವರಲ್ಲಿ ಅನೇಕರು ಬೈಗುಳವೆಂದೇ ಭಾವಿಸುತ್ತಾರೆ. (ನಮ್ಮೂರಿನಲ್ಲಿ ಅದು ಮಾರುತಿ ಕಂಪನಿಯ ಜೀಪೆಂದೇ ಹೆಚ್ಚು ಪರಿಚಿತ ಎಂಬುದು ಬೇರೆ ಮಾತು.)

1971ರ ಏಪ್ರಿಲಿನಲ್ಲಿ ಲಂಡನ್ ಸಮೀಪ ಸೇರಿದ್ದ ಮೊದಲ ವಿಶ್ವ ಸಮ್ಮೇಳನದಲ್ಲಿ ಅವರು ತಮಗಾಗಿ ಆರಿಸಿಕೊಂಡ ಹೆಸರನ್ನು ಕನ್ನಡದಲ್ಲಿ ‘ರೋಮ’ ಎಂದು ಬರೆದರೆ ಓದುವವನಿಗೆ ಮೈಗೂದಲು ನೆನಪಾಗುತ್ತದೆ. ‘ರೋಮರು’ ಎಂದರೆ ಜೂಲಿಯಸ್ ಸೀಸರನ ಕಡೆಯವರಾಗಿಬಿಡುತ್ತಾರೆ. ರೋಮ್ ನಗರಕ್ಕಾಗಲಿ ರೊಮೇನಿಯಾ ದೇಶದ ಹೆಸರಿಗಾಗಲಿ ಈ ಪದದೊಡನೆ ಸಂಬಂಧವಿಲ್ಲ. ಅವರ ಮಾತಿನಲ್ಲಿ ‘ರೊಮ್’ ಎಂದರೆ ಗಂಡಸು, ಗಂಡ. ಅದರ ಬಹುವಚನ ‘ರೊಮಾ’. ಕನ್ನಡಕ್ಕೆ ಹ್ರಸ್ವ ಒಕಾರದ ಅನುಕೂಲವಿರುವುದರಿಂದ ‘ರೊಮಾ’ ಎಂದು ಬರೆದು, ಭಾಷೆಗೆ ‘ರೊಮಾನಿ’ ಎನ್ನುವುದು ನನಗೆ ಸರಿಯಾಗಿ ಕಾಣುತ್ತದೆ.

ಈ ‘ರೊಮ್’ ಪದದ ಮೂಲ ನಮಗೆ ದೂರದ್ದಲ್ಲ. ಅದು ಭಾರತದ ‘ಡೋಮ’, ‘ಡೊಂಬ’ಗಳಿಂದ ಬಂದುದೆಂದು ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪುತ್ತಾರೆ. ಮೂಲದ ಡಕಾರ ಪಶ್ಚಿಮ ಏಷ್ಯಾದ ‘ದೊಮ್’ ಜನರಲ್ಲಿ ದಕಾರವಾಗಿಯೂ, ಅರ್ಮೇನಿಯಾದ ‘ಲೊಮ್’ ಜನರಲ್ಲಿ ಲಕಾರವಾಗಿಯೂ, ಯೂರೋಪಿನಲ್ಲಿ ರಕಾರವಾಗಿಯೂ ಮಾರ್ಪಟ್ಟಿದೆ. ಹಗ್ಗದ ಮೇಲೆ ನಡೆಯುವ ನಮ್ಮ ಡೊಂಬರ ಹೆಸರಿನೊಡನೆ, ದಕಾರದಿಂದ ಬರೆಯುವ ‘ದೊಂಬರಾಟ’ದೊಡನೆ ಅದನ್ನು ಜೋಡಿಸಿ ತೋರಿಸಿದರೆ ಮಕ್ಕಳಿಗೆ ಪಾಠ ಚೆನ್ನಾಗಿ ಹತ್ತುತ್ತದೆಂಬುದು ನಿಜ. ಆದರೆ ಪತ್ರಿಕೆಗಳು ‘ರಾಜಕೀಯ ದೊಂಬರಾಟ’ ಎಂದು ಒಂದು ಸಮುದಾಯದ ಕಸುಬನ್ನೇ ಹೀಯಾಳಿಕೆಯ ಮಾತಾಗಿ ಮಾಡಿಕೊಂಡಿರುವಾಗ ವಿವರಣೆಯಿಲ್ಲದೆ ಹಾಗೆ ಜೋಡಿಸುವುದು ಎರಡೂ ಕಡೆಯವರಿಗೆ ಅನ್ಯಾಯ.

ವಲಸೆಯ ದಾರಿಗೆ ಅವರ ನುಡಿಯೇ ಸಾಕ್ಷಿ. ‘ಪಾನಿ’, ‘ನಾಕ್’, ‘ಮನುಷ್’ ಎಂಬ ಪದಗಳನ್ನು ಅವರು ಇಲ್ಲಿಂದಲೇ ಹೊತ್ತು ಹೋದರು. ಕುದುರೆಗೆ ಹೇಳುವ ‘ಗ್ರಸ್ತ್’ ಅರ್ಮೇನಿಯನ್ ಭಾಷೆಯದು. ಎಣಿಕೆಯಲ್ಲಿ ‘ಪಾಂಜ್’ ಎಂಬ ಐದು ನಮ್ಮ ಕಡೆಯದಾದರೆ ಏಳು, ಎಂಟು, ಒಂಬತ್ತುಗಳಿಗಿರುವ ‘ಎಫ್ತಾ’, ‘ಒಖ್ತೊ’, ‘ಎನ್ಯಾ’ ಬೈಜಾಂಟಿಯಂನಲ್ಲಿ ಕೂಡಿಕೊಂಡ ಗ್ರೀಕ್ ಪದಗಳು.

‘ಅಲೆಮಾರಿಗಳು’ ಎಂದರೆ ಸಾಲದೇ ಎಂದು ಗೆಳೆಯರೊಬ್ಬರು ಕೇಳುತ್ತಾರೆ. ಸಾಲದು, ಏಕೆಂದರೆ ಇಂದಿನ ರೊಮೇನಿಯಾದ ಕಡೆಯ ವಲ್ಲಾಕಿಯಾ ಮತ್ತು ಮೊಲ್ಡಾವಿಯಾ ಸಂಸ್ಥಾನಗಳಲ್ಲಿ 1850ರ ದಶಕದವರೆಗೂ ಅವರು ಒಡೆಯರ, ಮಠಗಳ ಗುಲಾಮರಾಗಿದ್ದರು. ಇಂದಿನ ರೊಮಾಗಳಲ್ಲಿ ಹೆಚ್ಚಿನವರು ನೆಲೆನಿಂತವರು. ಆಗಾಗ ಕಣ್ಣಿಗೆ ಬೀಳುವ ‘ಯೂರೋಪಿನ ಲಂಬಾಣಿಗಳು’ ಎಂಬ ಮಾತಂತೂ ದಾರಿ ತಪ್ಪಿಸುತ್ತದೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು, ಮೊಗಲ್ ಸೈನ್ಯಗಳಿಗೆ ಸರಕು ಒದಗಿಸುತ್ತ ದಕ್ಷಿಣಕ್ಕೆ ಬಂದ ಲಂಬಾಣಿಗಳ ಚರಿತ್ರೆಯೇ ಬೇರೆ, ಕಾಲವೂ ಬೇರೆ.

ಉಳಿದಿರುವುದು ಬಹುವಚನದ ಪ್ರಶ್ನೆ. ‘ರೊಮಾ’ ತಾನೇ ಬಹುವಚನವಾಗಿದ್ದರೂ ಕನ್ನಡದ ಕಿವಿ ಪ್ರತ್ಯಯವನ್ನು ಬೇಡುತ್ತದೆ. ‘ಯೆಹೂದಿಗಳು’ ರೂಢಿಯಲ್ಲಿರುವುದರಿಂದ ನಾನು ಮೇಲೆ ‘ರೊಮಾಗಳು’ ಎಂದೇ ಬರೆದಿದ್ದೇನೆ. ಮನುಷ್ಯರಿಗೆ ‘ಗಳು’ ಹಚ್ಚಬಾರದೆಂದು ನಮ್ಮ ಕರಡು ತಿದ್ದುವವರ ಹಟ. ‘ರೊಮಾದ ಹಾಡು’ ಎಂದರೆ ಊರಿನ ಹೆಸರಿನಂತೆ ಕೇಳುವುದರಿಂದ ಷಷ್ಠಿಯಲ್ಲಂತೂ ‘ರೊಮಾ ಜನರ’ ಎಂದೇ ಬರೆಯಬೇಕಾಗುತ್ತದೆ. ಹಾಗಿದ್ದರೆ ಎಲ್ಲೆಡೆಯೂ ‘ರೊಮಾ ಜನರು’ ಎಂದಿಡುವುದು ಮೇಲೋ, ಅಥವಾ ಸೋಲಿಗರು, ಇರುಳಿಗರು ಎಂಬ ಮಾದರಿಯಲ್ಲಿ ‘ರೊಮಾಗರು’ ಎಂಬ ಹೊಸ ರೂಪ ಸಲ್ಲುವುದೋ, ಬಲ್ಲವರು ತಿಳಿಸಬೇಕಾಗಿ ಕೋರಿಕೆ.