ಅಪ್‌ಡೇಟ್: ಬುಡಾಪೆಸ್ಟ್‌ಗೆ ಎರಡನೇ ಸಲ ಹೋಗಿ ಬಂದೆ

ಒಮ್ಮೆ ನೋಡಿದ ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಮತ್ತೆ ಹೋದರೆ ಹಣ ದಂಡವೇ ಎಂದು ಇಲ್ಲಿ ನಿಮ್ಮನ್ನು ಕೇಳಿದ್ದೆನಲ್ಲ, ಹೋಗಿ ಬಂದೆ. ಖಂಡಿತ ದಂಡವಲ್ಲ.

ಕಳೆದ ಸಲ ದುರಸ್ತಿಗೆಂದು ಮುಚ್ಚಿದ್ದ, 1849ರ ಸರಪಳಿ ಸೇತುವೆಯನ್ನು ಈ ಬಾರಿ ನಡೆದೇ ದಾಟಿದೆ. ಡ್ಯಾನ್ಯೂಬ್ ನದಿ ದಂಡೆಯ 2ನೇ ನಂಬರಿನ ಟ್ರ್ಯಾಮ್ ಹತ್ತಿದರೆ ಸಾಮಾನ್ಯ ಟಿಕೆಟ್‌ನಲ್ಲೇ ಸಂಸತ್ ಭವನ ಕಾಣುತ್ತದೆ. ದೋಣಿ ವಿಹಾರಕ್ಕೆ ದುಡ್ಡು ಸುರಿಯಬೇಕಿಲ್ಲ.

ನನ್ನ ಪ್ರಶ್ನೆಗೆ ಉತ್ತರಿಸುತ್ತ ನೀವು ಹೇಳಿದ, ಪಾಳು ಕಟ್ಟಡಗಳಲ್ಲಿ ನಡೆಯುವ ಬಾರ್‌ಗಳಲ್ಲಿ ಒಂದಾದ ಸಿಂಪ್ಲಾ ಕೆರ್ಟ್‌ಗೆ ಎರಡು ಸಲ ಹೋದೆ. ರಾತ್ರಿ ಕಾಲಿಡಲು ಜಾಗವಿಲ್ಲ. ಭಾನುವಾರ ಬೆಳಿಗ್ಗೆ ಅದೇ ಅಂಗಳದಲ್ಲಿ ರೈತರ ಸಂತೆ! ಕತ್ತರಿಸಿದ ಸ್ನಾನದ ತೊಟ್ಟಿಯೇ ಅಲ್ಲಿ ಸೋಫಾ. ವೈನಿಗೆ ಸೋಡಾ ಬೆರೆಸಿದ ‘ಫ್ರೊಚ್’ ನನಗೆ ಬಿಯರ್‌ಗಿಂತ ಹಿಡಿಸಿತು.

ಬೇರೊಂದು ಬಾರ್‌ನಲ್ಲಿ ಬಿಲ್‌ನಲ್ಲೇ ಸೇವಾ ಶುಲ್ಕ ಸೇರಿದ್ದನ್ನು ಗಮನಿಸದೆ ಮತ್ತೆ ಟಿಪ್ಸ್ ಕೊಟ್ಟೆ. ನೀವು ಬಿಲ್ ಓದಿಯೇ ಜೇಬಿಗೆ ಕೈಹಾಕಿ.