ಗೆಜೆಟ್‌ನಲ್ಲಿ ಹೆಸರು ಬದಲಾಗಿದೆ. ಆಧಾರ್, ಪ್ಯಾನ್, ಪಿಎಫ್, ಪಾಸ್‌ಪೋರ್ಟ್ ಯಾವ ಕ್ರಮದಲ್ಲಿ ಮಾಡಿಸಬೇಕು?

ಬೆಳಗಿನಬಸ್ಸು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಳೆಯ ಹೆಸರು ಮಂಜುನಾಥ ಎಚ್. ಎಂದಿಟ್ಟುಕೊಳ್ಳಿ, ಹೊಸದು ಮನು ಹೊನ್ನಪ್ಪ (ನಿಜವಾದ ಹೆಸರು ಬೇರೆ, ಆದರೆ ಬದಲಾವಣೆಯ ರೀತಿ ಇದೇ: ಹೆಸರೂ ಬದಲು, ಇನಿಷಿಯಲ್ ಕೂಡ ಬಿಡಿಸಿ ಬರೆದದ್ದು). ಅಫಿಡವಿಟ್ ಆಗಿದೆ, ಒಂದು ಕನ್ನಡ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು ಬಂದಿದೆ, ಭಾರತ ಗೆಜೆಟ್‌ನ 4ನೇ ಭಾಗದಲ್ಲಿ ಪ್ರಕಟವೂ ಆಗಿದೆ.

ಈಗ ಆಧಾರ್, ಪ್ಯಾನ್, ಎರಡು ಬ್ಯಾಂಕ್ ಖಾತೆ, ಪಿಎಫ್, ಪಾಸ್‌ಪೋರ್ಟ್, ಮತದಾರರ ಚೀಟಿ, ಡಿಎಲ್, ಊರಲ್ಲಿ ಒಂದು ಎಕರೆ ಜಮೀನಿನ ಪಹಣಿ ಇವಿಷ್ಟು ಉಳಿದಿವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಳೆಯ ಹೆಸರಲ್ಲೇ ಇದೆ. ಖಾಸಗಿ ಕಂಪನಿಯ ಕೆಲಸ, ಬೆಂಗಳೂರು. ಯಾವುದನ್ನು ಮೊದಲು ಮಾಡಿಸಬೇಕು? ಒಂದು ತಪ್ಪಿದರೆ ಇನ್ನೊಂದು ಸಿಕ್ಕಿಕೊಳ್ಳುತ್ತದೆ ಅಂತಾರೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನು ದಯವಿಟ್ಟು ಹೇಳಿ.

---

ಕಡತದಕಟ್ಟು ಉತ್ತರ:

ಮೊದಲು ಆಧಾರ್. ಅದರಲ್ಲಿ ಎರಡು ಮಾತಿಲ್ಲ. ಪ್ಯಾನ್, ಬ್ಯಾಂಕ್, ಪಿಎಫ್, ಪಡಿತರ ಚೀಟಿ ಎಲ್ಲವೂ ಈಗ ಆಧಾರ್‌ನಲ್ಲಿರುವ ಹೆಸರಿಗೇ ತಾಳೆ ನೋಡುತ್ತವೆ.

ಆದರೆ ಆಧಾರ್ ಕೇಂದ್ರಕ್ಕೆ ಹೋಗುವ ಮೊದಲು ಗೆಜೆಟ್ ಪುಟ ತೆಗೆದು, ನಿಮ್ಮ ಸಾಲನ್ನು ಅಕ್ಷರ ಅಕ್ಷರವಾಗಿ ಓದಿ. ಹಳೆಯ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯೇ? ಎಚ್ ಪಕ್ಕದ ಚುಕ್ಕೆ, ಎರಡು ಪದಗಳ ನಡುವಿನ ಜಾಗ, ತಂದೆಯ ಹೆಸರು ಎಲ್ಲ ನೋಡಿ. ತಪ್ಪಿದ್ದರೆ ಈಗಲೇ ದೆಹಲಿಯ ಪ್ರಕಟಣಾ ಇಲಾಖೆಗೆ ತಿದ್ದುಪಡಿಗೆ ಬರೆಯಿರಿ. ತಪ್ಪಿರುವ ಗೆಜೆಟ್ ಹಿಡಿದುಕೊಂಡು ಮುಂದೆ ಹೋದರೆ ಆ ತಪ್ಪು ಎಂಟು ದಾಖಲೆಗಳಿಗೆ ಹರಡುತ್ತದೆ.

ಆಧಾರ್‌ನಲ್ಲಿ ಹೆಸರು ಬದಲಿಸಲು ಇಡೀ ಜೀವನದಲ್ಲಿ ಸಿಗುವುದು ಎರಡೇ ಅವಕಾಶ. ಕಾಗುಣಿತ ಸರಿಪಡಿಸಿದ್ದೂ ಒಂದು ಸಲ ಅಂತಲೇ ಲೆಕ್ಕ. ಹಿಂದೆ ಎಷ್ಟು ಸಲ ಬದಲಿಸಿದ್ದೀರಿ ಎಂಬುದು ಮೈಆಧಾರ್ ತಾಣದಲ್ಲಿ ಲಾಗಿನ್ ಆದರೆ ಅಪ್‌ಡೇಟ್ ಹಿಸ್ಟರಿಯಲ್ಲಿ ಸಿಗುತ್ತದೆ. ಎರಡೂ ಮುಗಿದಿದ್ದರೆ ಕೇಂದ್ರದಲ್ಲಿ ಹಾಕಿದ ಅರ್ಜಿ ತಿರಸ್ಕೃತವಾಗುತ್ತದೆ. ಆಮೇಲೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ, ಆಧಾರ್ ಪ್ರಾಧಿಕಾರದ ಪ್ರಾದೇಶಿಕ ಕಚೇರಿಯ ಮೂಲಕ ವಿಶೇಷ ಪ್ರಕರಣವೆಂದು ಪರಿಶೀಲಿಸಲು ಕೇಳಿಕೊಳ್ಳಬೇಕು. ನಮ್ಮ ಪ್ರಾದೇಶಿಕ ಕಚೇರಿ ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿದೆ.

ಕೇಂದ್ರಕ್ಕೆ ಒಯ್ಯಬೇಕಾದದ್ದು: ಗೆಜೆಟ್ ಮತ್ತು ಹಳೆಯ ಹೆಸರಿನಲ್ಲಿ ಫೋಟೋ ಇರುವ ಒಂದು ಗುರುತಿನ ದಾಖಲೆ. ಹೆಸರು ಪೂರ್ತಿ ಬದಲಾದಾಗ ಗೆಜೆಟ್ ಒಂದೇ ಸಾಲದು. ಹಳೆಯ ಮಂಜುನಾಥನೂ ಹೊಸ ಮನುವೂ ಒಬ್ಬನೇ ಅಂತ ತೋರಿಸುವುದು ಈ ಎರಡನೇ ಕಾಗದ. ಅದಕ್ಕೇ ಹೇಳುವುದು, ಪಾಸ್‌ಪೋರ್ಟನ್ನೋ ಡಿಎಲ್ಲನ್ನೋ ಆತುರದಲ್ಲಿ ಮೊದಲೇ ಬದಲಿಸಬೇಡಿ. ಹಳೆಯ ಹೆಸರಿನ ಒಂದು ಕಾರ್ಡ್ ಕೈಯಲ್ಲಿರಬೇಕು.

ಗೆಜೆಟ್ ಪ್ರಿಂಟ್ ತೆಗೆಯುವಾಗ ನಿಮ್ಮ ಸಾಲನ್ನಷ್ಟೇ ಕತ್ತರಿಸಿ ತೆಗೆಯಬೇಡಿ. ಸಂಚಿಕೆಯ ಮೊದಲ ಪುಟ (ಸಂಖ್ಯೆ, ದಿನಾಂಕ ಇರುವುದು) ಮತ್ತು ನಿಮ್ಮ ಹೆಸರಿರುವ ಇಡೀ ಪುಟ, ಎರಡೂ ಬೇಕು. ಆಪರೇಟರ್ ಎರಡೂ ಪುಟ ಸ್ಕ್ಯಾನ್ ಮಾಡಿದರೇ ಅಂತ ನಿಂತು ನೋಡಿ. ಒಂದೇ ಪುಟ ಹೋದರೆ, ಸ್ಕ್ಯಾನ್ ಮಸುಕಾದರೆ ಅರ್ಜಿ ವಾಪಸ್.

ಇನ್ನೊಂದು ವಿಷಯ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಆಧಾರ್‌ನಲ್ಲಿ ಹೆಸರು ಎರಡು ಸಾಲು: ಇಂಗ್ಲಿಷ್ ಒಂದು, ಕನ್ನಡ ಒಂದು. ಇಂಗ್ಲಿಷ್ ಟೈಪ್ ಮಾಡುತ್ತಿದ್ದಂತೆ ಕನ್ನಡದ ಸಾಲು ತಾನಾಗಿ ತುಂಬಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಎಲ್ ಒಂದೇ, ನಮಗೆ ಲ ಮತ್ತು ಳ. ಎನ್ ಒಂದೇ, ನಮಗೆ ನ ಮತ್ತು ಣ. ಒ, ಓ ಎರಡಕ್ಕೂ ಅಲ್ಲಿ ಒಂದೇ ಅಕ್ಷರ. ಹೊನ್ನಪ್ಪ ಹೋಗಿ ಹೋನ್ನಪ್ಪ ಆಗಲು ಅರ್ಧ ನಿಮಿಷ ಬೇಡ. ಪರದೆ ನಿಮ್ಮ ಕಡೆ ತಿರುಗಿಸಲು ಹೇಳಿ, ಕನ್ನಡ ಸಾಲನ್ನು ಓದಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಸ್ವೀಕೃತಿ ಚೀಟಿ ಕೊಟ್ಟ ಮೇಲೆ ಮತ್ತೊಮ್ಮೆ ಓದಿ. ಆಮೇಲೆ ಇದೊಂದನ್ನು ಸರಿಪಡಿಸಲು ಎರಡನೇ ಅವಕಾಶ ಖರ್ಚಾದರೆ ಅನ್ಯಾಯ.

ಶುಲ್ಕ 75 ರೂಪಾಯಿ. ರಸೀದಿ ಕೇಳಿ ಪಡೆಯಿರಿ. ಅಪ್‌ಡೇಟ್‌ಗೆ 90 ದಿನದವರೆಗೂ ಹಿಡಿಯಬಹುದು.

---

ಲೆಕ್ಕದಪುಸ್ತಕ ಉತ್ತರ:

ಪ್ಯಾನ್, ಬ್ಯಾಂಕ್, ಪಿಎಫ್ ಬಗ್ಗೆ ನಾನು ಸೇರಿಸುತ್ತೇನೆ.

ಪ್ಯಾನ್ ನಂಬರ್ ಬದಲಾಗುವುದಿಲ್ಲ. ಹತ್ತು ಅಕ್ಷರಗಳಲ್ಲಿ ಐದನೆಯದು ನಿಮ್ಮ ಸರ್‌ನೇಮ್‌ನ ಮೊದಲಕ್ಷರ. ಹೊಸ ಸರ್‌ನೇಮ್‌ಗೆ ಅದು ಹೊಂದದಿದ್ದರೂ ಹಳೆಯ ನಂಬರೇ ಮುಂದುವರಿಯುತ್ತದೆ. ಅಕ್ಷರ ಹೊಂದಲಿಲ್ಲ ಅಂತ ಯಾರೋ ಹೇಳಿದರು ಎಂದು ಹೊಸ ಪ್ಯಾನ್‌ಗೆ ಅರ್ಜಿ ಹಾಕಬೇಡಿ. ಎರಡು ಪ್ಯಾನ್ ಇಟ್ಟುಕೊಂಡರೆ 10,000 ರೂಪಾಯಿ ದಂಡ.

ಹಾಕಬೇಕಾದದ್ದು ತಿದ್ದುಪಡಿ ಅರ್ಜಿ. ಪ್ಯಾನ್ ಅರ್ಜಿ ಪಡೆಯುವ ಸಂಸ್ಥೆಗಳಾದ ಪ್ರೋಟಿಯನ್ (ಹಿಂದಿನ ಎನ್‌ಎಸ್‌ಡಿಎಲ್) ಅಥವಾ ಯುಟಿಐಐಟಿಎಸ್‌ಎಲ್ ಯಾವುದಾದರೂ ಸರಿ. ಕಾರ್ಡ್ ಮನೆಗೆ ಬರಬೇಕಾದರೆ 110 ರೂಪಾಯಿಯ ಆಸುಪಾಸು. ಇಲ್ಲಿ ಜನ ಮಾಡುವ ತಪ್ಪು ಎರಡು. ಮೊದಲನೆಯದು, ಬದಲಾಗಬೇಕಾದ ಕಾಲಂನ ಎಡಗಡೆ ಒಂದು ಪುಟ್ಟ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ನೀವು ಹೊಸ ಹೆಸರು ಬರೆದಿದ್ದರೂ ಅದನ್ನು ಪರಿಗಣಿಸುವುದಿಲ್ಲ, ಹಳೆಯ ಹೆಸರಿನದೇ ಕಾರ್ಡ್ ಬರುತ್ತದೆ. ಎರಡನೆಯದು ಇನಿಷಿಯಲ್. ಪ್ಯಾನ್‌ನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಜಾಗದಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಬಹುಶಃ ಈಗಿನ ನಿಮ್ಮ ಪ್ಯಾನ್‌ನಲ್ಲೇ ಎಚ್ ಎಂಬುದು ಹೊನ್ನಪ್ಪ ಆಗಿ ಬಿಡಿಸಿಕೊಂಡಿರುತ್ತದೆ. ಹಾಗಾಗಿ ನೀವು ಇನಿಷಿಯಲ್ ಬಿಡಿಸಿದ್ದು ಒಳ್ಳೆಯದೇ ಆಯಿತು: ಫಸ್ಟ್ ನೇಮ್ ಮನು, ಲಾಸ್ಟ್ ನೇಮ್ ಹೊನ್ನಪ್ಪ, ಮಧ್ಯದ್ದು ಖಾಲಿ. ಈ ಹಂಚಿಕೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಪಾಸ್‌ಪೋರ್ಟ್‌ವರೆಗೂ ಅದನ್ನೇ ಪಾಲಿಸಿ.

ಆಧಾರ್ ಹೊಸದು, ಪ್ಯಾನ್ ಹಳೆಯದು ಎಂಬ ನಡುವಿನ ದಿನಗಳಿಗೆ ಹೆದರಬೇಡಿ. ಆಗಲೇ ಆಗಿರುವ ಜೋಡಣೆ ಕಳಚುವುದಿಲ್ಲ. ಆದರೆ ಜುಲೈನಲ್ಲಿ ರಿಟರ್ನ್ಸ್ ಹಾಕುವ ಹೊತ್ತಿಗೆ ಇದನ್ನು ಶುರು ಮಾಡಬೇಡಿ. ಪ್ಯಾನ್ ಒಂದು ಹೆಸರು, ಬ್ಯಾಂಕ್ ಖಾತೆ ಇನ್ನೊಂದು ಹೆಸರು ಆದಾಗ ತೆರಿಗೆ ತಾಣದಲ್ಲಿ ಖಾತೆಯ ಮೌಲ್ಯೀಕರಣ ಆಗುವುದಿಲ್ಲ, ರೀಫಂಡ್ ನಿಂತುಬಿಡುತ್ತದೆ. ರಿಟರ್ನ್ಸ್ ಹಾಕಿ ರೀಫಂಡ್ ಬಂದ ಮೇಲೆ ಮಾಡಿಸಿ.

ಪ್ಯಾನ್ ಕೈಗೆ ಬಂದ ವಾರದಲ್ಲೇ ಬ್ಯಾಂಕಿಗೆ ಹೋಗಿ. ಹೊಸ ಆಧಾರ್, ಹೊಸ ಪ್ಯಾನ್, ಗೆಜೆಟ್ ಮೂರರ ಜೆರಾಕ್ಸ್, ಜೊತೆಗೆ ಮೂಲಪ್ರತಿ. ಸಹಿಯೂ ಬದಲಾಗುತ್ತದೆಯೇ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಸಾಲಕ್ಕೋ ಬಾಡಿಗೆಗೋ ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದರೆ, ಹಳೆಯ ಸಹಿ ತೆಗೆದ ಮೇಲೆ ಅವು ವಾಪಸಾಗುತ್ತವೆ. ಅವನ್ನು ಬದಲಿಸಿ ಕೊಟ್ಟ ಮೇಲೆಯೇ ಹೊಸ ಸಹಿ ದಾಖಲಿಸಿ. ನಿಮ್ಮ ಹೆಸರು ನಾಮಿನಿಯಾಗಿರುವ ತಾಯಿಯ, ಹೆಂಡತಿಯ ಖಾತೆಗಳನ್ನೂ ಮರೆಯಬೇಡಿ. ಅಲ್ಲಿ ಮಂಜುನಾಥ ಎಚ್. ಅಂತಲೇ ಉಳಿದರೆ, ಹಣ ಪಡೆಯುವ ದುಃಖದ ಗಳಿಗೆಯಲ್ಲಿ ನೀವು ಯಾರು ಎಂದು ಮತ್ತೆ ಸಾಬೀತು ಮಾಡುತ್ತಾ ಕೂರಬೇಕಾಗುತ್ತದೆ.

ಪಿಎಫ್: ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) 1-10-2017ರಂದು ಅಥವಾ ಅದರ ನಂತರ ಹುಟ್ಟಿದ್ದು, ಆಧಾರ್‌ನಿಂದ ದೃಢೀಕರಣವಾಗಿದ್ದರೆ, 2025ರ ಜನವರಿಯಿಂದ ಬಂದ ನಿಯಮದಂತೆ ಹೆಸರನ್ನು ಸದಸ್ಯರ ತಾಣದಲ್ಲಿ ನೀವೇ ಬದಲಿಸಬಹುದು. ಅದಕ್ಕಿಂತ ಹಳೆಯ ಯುಎಎನ್ ಆದರೆ ಜಂಟಿ ಘೋಷಣೆ ಹಾಕಿ, ಕಂಪನಿಯ ಒಪ್ಪಿಗೆ ಪಡೆಯಬೇಕು. ಆದ್ದರಿಂದ ಕೆಲಸ ಬಿಡುವ ಯೋಚನೆ ಇದ್ದರೆ, ಬಿಡುವ ಮೊದಲೇ ಇದನ್ನು ಮುಗಿಸಿ. ಕಂಪನಿ ಮುಚ್ಚಿಹೋದ ಮೇಲೆ ಒಪ್ಪಿಗೆ ಕೊಡುವವರನ್ನು ಹುಡುಕುವುದು ನಿಜಕ್ಕೂ ಕಷ್ಟ. ಹಣ ತೆಗೆಯಲು ಅರ್ಜಿ ಹಾಕಿ ಕೂತಿರುವಾಗಲೂ ಹೆಸರಿಗೆ ಕೈ ಹಾಕಬೇಡಿ.

---

ಗಡಿಯಾಚೆ ಉತ್ತರ:

ಪಾಸ್‌ಪೋರ್ಟ್‌ಗೆ ಹೊಸ ಅರ್ಜಿ ಅಲ್ಲ, ರೀ-ಇಶ್ಯೂ. ಕಾರಣ ಕೇಳುವಲ್ಲಿ ವೈಯಕ್ತಿಕ ವಿವರ ಬದಲಾವಣೆ ಎಂಬುದನ್ನು ಆರಿಸಿ, ಹೆಸರು ಎಂಬುದಕ್ಕೆ ಟಿಕ್ ಹಾಕಿ. 36 ಪುಟಕ್ಕೆ 1,500, 60 ಪುಟಕ್ಕೆ 2,000. ಪತ್ರಿಕೆಗಳ ಮೂಲ ಪುಟಗಳನ್ನೇ ಒಯ್ಯಿರಿ, ಜೆರಾಕ್ಸ್ ಅಲ್ಲ. ಹೊಸ ಹೆಸರಿನ ಎರಡು ದಾಖಲೆಗಳೂ ಬೇಕು. ಆಧಾರ್, ಪ್ಯಾನ್ ಆಗಲೇ ಸಿದ್ಧವಾಗಿದ್ದರೆ ಅಲ್ಲಿಗೆ ಸರಿಹೋಯಿತು. ಪಾಸ್‌ಪೋರ್ಟನ್ನು ಕೊನೆಗೆ ಇಡಿ ಎನ್ನುವುದು ಇದಕ್ಕೇ. ಪೊಲೀಸ್ ಪರಿಶೀಲನೆಗೂ ಸಮಯ ಇಟ್ಟುಕೊಳ್ಳಿ.

ಗಿವನ್ ನೇಮ್‌ನಲ್ಲಿ ಮನು, ಸರ್‌ನೇಮ್‌ನಲ್ಲಿ ಹೊನ್ನಪ್ಪ. ಎರಡನ್ನೂ ಗಿವನ್ ನೇಮ್‌ನಲ್ಲೇ ತುಂಬಿ ಸರ್‌ನೇಮ್ ಖಾಲಿ ಬಿಡಬೇಡಿ. ನಮ್ಮ ಕಡೆ ಈ ಅಭ್ಯಾಸ ಬಹಳ. ಒಂದು ಕಡೆ ಖಾಲಿ ಇದ್ದು ಹೆಸರು ಒಂದೇ ಪದವಾಗಿ ನಿಂತಿದ್ದರೆ, 2022ರ ನವೆಂಬರ್‌ನಿಂದ ಯುಎಇ ಪ್ರವಾಸಿ ವೀಸಾ ಮೇಲೆ ಒಳಗೆ ಬಿಡುವುದಿಲ್ಲ. ನಿಮ್ಮದು ಎರಡು ಪದ, ಆದರೂ ಸರಿಯಾದ ಕಾಲಂನಲ್ಲಿ ಕೂರಿಸುವುದೇ ಕ್ಷೇಮ.

ಹಳೆಯ ಪುಸ್ತಕದಲ್ಲಿ ಅವಧಿ ಇರುವ ವೀಸಾ ಇದ್ದರೆ, ಅರ್ಜಿ ಹಾಕುವ ಮೊದಲು ಆ ದೇಶದ ದೂತಾವಾಸದ ನಿಯಮ ನೋಡಿ. ವಿಮಾನದ ಟಿಕೆಟ್ ಪಾಸ್‌ಪೋರ್ಟ್‌ನಲ್ಲಿರುವ ಹೆಸರಿಗೇ ಇರಬೇಕು. ಹಳೆಯ ಹೆಸರಲ್ಲಿ ಬುಕ್ ಆಗಿದ್ದರೆ ಆ ಪ್ರಯಾಣ ಮುಗಿಸಿಯೇ ರೀ-ಇಶ್ಯೂಗೆ ಹೋಗಿ.

ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಳ್ಳುವವರು ಇದನ್ನು ಓದುತ್ತಿದ್ದರೆ: ನಿಮಗೆ ಗೆಜೆಟ್ ಬೇಕಿಲ್ಲ, ವಿವಾಹ ನೋಂದಣಿ ಪ್ರಮಾಣಪತ್ರ ಸಾಕು. ಬ್ರೋಕರ್ ಹೇಳಿದ ಅಂತ ಸುಮ್ಮನೆ ಖರ್ಚು ಮಾಡಬೇಡಿ.

---

ಬೆಳಗಿನಬಸ್ಸು ಮರುಪ್ರಶ್ನೆ:

ತುಂಬಾ ಉಪಕಾರವಾಯಿತು. ಇನ್ನೆರಡು ಸಂಶಯ. ಅಂಕಪಟ್ಟಿ ಬದಲಿಸಲು ಸಾಧ್ಯವೇ? ಮಗಳ ಜನನ ಪ್ರಮಾಣಪತ್ರದಲ್ಲಿ ತಂದೆ ಮಂಜುನಾಥ ಎಚ್. ಎಂದಿದೆ, ಅದನ್ನೂ ಬದಲಿಸಬೇಕೇ? ಪಹಣಿಗೆ ಏನು ಮಾಡಲಿ?

---

ಕಡತದಕಟ್ಟು ಉತ್ತರ:

ಅಂಕಪಟ್ಟಿ ಬಗ್ಗೆ ನನ್ನ ಸಲಹೆ: ಬಿಟ್ಟುಬಿಡಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದಿದ್ದು ಅಂಕಪಟ್ಟಿಯಲ್ಲಿ ಇನ್ನೊಂದು ಅಚ್ಚಾಗಿದ್ದರೆ ಅದು ಮಂಡಳಿ ತಿದ್ದುವ ತಪ್ಪು. ನಿಮ್ಮದು ತಪ್ಪಲ್ಲ, ಆಮೇಲಿನ ಬದಲಾವಣೆ. 2021ರ ಜೂನ್ 3ರಂದು ಸಿಬಿಎಸ್‌ಇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಸರು ಸಂವಿಧಾನದ 19(1)(ಎ) ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಒಪ್ಪಿಕೊಂಡಿತು. ಆದರೂ ಇಂಥ ಬದಲಾವಣೆಗೆ ನ್ಯಾಯಾಲಯದ ಘೋಷಣೆಯನ್ನೂ ಗೆಜೆಟ್ಟನ್ನೂ ಕೇಳಬಹುದು ಎಂದಿತು. ನಿಜವಾಗಿ ಬೇಕೇಬೇಕು ಎನಿಸಿದರೆ ಸಿವಿಲ್ ನ್ಯಾಯಾಲಯದಲ್ಲಿ ಘೋಷಣಾ ದಾವೆ ಹೂಡುವುದು ದಾರಿ. ಖಾಸಗಿ ಕೆಲಸಕ್ಕೆ ಅಂಕಪಟ್ಟಿಯ ಜೊತೆ ಗೆಜೆಟ್ ಪುಟ ಪಿನ್ ಮಾಡಿ ಕೊಟ್ಟರೆ ನಡೆಯುತ್ತದೆ. ಗೆಜೆಟ್‌ನ ಪಿಡಿಎಫ್ ಅನ್ನು ಡಿಜಿಟಲ್ ಸಹಿ ಸಮೇತ ಎರಡು ಕಡೆ ಉಳಿಸಿಡಿ. ಮೂಲ ಅಫಿಡವಿಟ್ಟನ್ನು ಯಾವ ಕಚೇರಿಗೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ.

ಮಗಳ ಜನನ ಪ್ರಮಾಣಪತ್ರವನ್ನೂ ಮುಟ್ಟಬೇಡಿ. ಅವಳು ಹುಟ್ಟಿದ ದಿನ ನಿಮ್ಮ ಹೆಸರು ಅದೇ ಆಗಿತ್ತು, ಹಾಗಾಗಿ ಅದು ಸರಿಯಾದ ನಮೂದು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಇರುವುದು ತಪ್ಪು ನಮೂದುಗಳನ್ನು ತಿದ್ದಲು. ಅವಳ ಪಾಸ್‌ಪೋರ್ಟ್‌ಗೆ ಹೋಗುವಾಗ ನಿಮ್ಮ ಗೆಜೆಟ್ ಜೊತೆಗಿರಲಿ.

---

ಮೂಡಲಹೊಲ ಉತ್ತರ:

ಜಮೀನಿನದು ನಾನು ಹೇಳುತ್ತೇನೆ. ನೋಂದಣಿಯಾದ ಕ್ರಯಪತ್ರವನ್ನು ಯಾರೂ ತಿದ್ದುವುದಿಲ್ಲ, ತಿದ್ದಿಸಲೂ ಬೇಡಿ. ಪಹಣಿಯ 9ನೇ ಕಾಲಂ ಹೆಸರಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ: ಗೆಜೆಟ್, ಅಫಿಡವಿಟ್, ಹೊಸ ಆಧಾರ್, ಕ್ರಯಪತ್ರದ ನಕಲು, ಈಗಿನ ಪಹಣಿ. ಗ್ರಾಮ ಆಡಳಿತ ಅಧಿಕಾರಿಯ ವರದಿ ಆಗಬೇಕಾಗುತ್ತದೆ, ಅವರನ್ನು ಮೊದಲೇ ಕಂಡು ಮಾತಾಡಿ. ಅರ್ಜಿಯಲ್ಲಿ ಮನು ಹೊನ್ನಪ್ಪ ಉರುಫ್ ಮಂಜುನಾಥ ಎಚ್. ಎಂದು ಎರಡೂ ಹೆಸರು ಬರೆಯಿರಿ, ಸರ್ವೆ ನಂಬರ್ ಹಿಸ್ಸಾ ಸಮೇತ. ಮುಂದೆ ಮಾರುವಾಗ, ಭಾಗ ಮಾಡುವಾಗ, ಅಡಮಾನ ಇಡುವಾಗಲೂ ಪತ್ರದಲ್ಲಿ ಇದೇ ಉರುಫ್ ಬರಬೇಕು, ಗೆಜೆಟ್ ಸಂಚಿಕೆಯ ದಿನಾಂಕವೂ ಬರಬೇಕು. ಇಲ್ಲದಿದ್ದರೆ ಕೊಳ್ಳುವವರ ವಕೀಲರು ಹಳೆಯ ಪತ್ರದ ಮಂಜುನಾಥ ಯಾರು ಅಂತ ಕೇಳಿ ಕಡತ ಪಕ್ಕಕ್ಕಿಡುತ್ತಾರೆ.

ಪಿಎಂ ಕಿಸಾನ್ ಬರುತ್ತಿದ್ದರೆ ಫ್ರೂಟ್ಸ್ ಐಡಿಯಲ್ಲೂ (ರಾಜ್ಯದ ರೈತರ ನೋಂದಣಿ ಸಂಖ್ಯೆ) ಹೆಸರು ಸರಿಪಡಿಸಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮತದಾರರ ಪಟ್ಟಿಗೆ ನಮೂನೆ 8, ಪೂರ್ತಿ ಉಚಿತ, ಆನ್‌ಲೈನ್‌ನಲ್ಲೇ ಆಗುತ್ತದೆ. ಅಲ್ಲಿಯೂ ಕನ್ನಡ ಸಾಲನ್ನು ಓದಿ ನೋಡಿ. ಡಿಎಲ್ ಸಾರಥಿ ತಾಣದಲ್ಲಿ, ಪಾಸ್‌ಪೋರ್ಟ್ ಆದ ಮೇಲೆ ನಿಧಾನವಾಗಿ ಮಾಡಿಸಿದರೂ ತೊಂದರೆ ಇಲ್ಲ.